ಕೀಲಿಮಣೆಗೆ ಆಗಮವೋ, ಆದೇಶವೋ?

ಹಳೆಯ ವಸ್ತುಗಳನ್ನು ಉಳಿಸಿಕೊಳ್ಳಬೇಕೆಂಬ ಉತ್ಸಾಹವು ಈಚೆಗೆ ನಮ್ಮ ತರುಣರಲ್ಲಿ ತಲೆದೋರಿರುವುದು ಸಂತೋಷದ ವಿಷಯವೇ ಸರಿ. ಆದರೆ ಉಳಿಸುವೆನೆಂದು ಕೈಹಾಕಿದವನು ವಸ್ತುವಿನ ಕರುಳನ್ನು ಕಿತ್ತೆಸೆದು ತೊಗಲನ್ನು ಮಾತ್ರ ಹದಮಾಡಿ ತೂಗುಹಾಕಿದರೆ, ಅವನು ಏನನ್ನು ಉಳಿಸಿದಂತಾಯಿತು? ಹಳೆಯ ಟರ್ಮಿನಲ್ಲುಗಳ ಕೀಲಿಮಣೆಗಳನ್ನು ಹೊಸ ಗಣಕಯಂತ್ರಕ್ಕೆ ಜೋಡಿಸುವ ಕೆಲಸದಲ್ಲಿ ಅನೇಕರು ಇಂದು ಮಾಡುತ್ತಿರುವುದು ಇದನ್ನೇ. ಸಾಹಿತ್ಯದ ಪತ್ರಿಕೆಯಲ್ಲಿ ಕೀಲಿಮಣೆಯ ಮಾತೇಕೆಂದು ಕೆಲವು ವಾಚಕರು ಕೇಳಬಹುದು. ಓಲೆಗರಿಯ ಕಾಲದವರಿಗೆ ಕಂಟವು ಹೇಗೋ ನಮ್ಮ ಕಾಲದ ಲೇಖಕರಿಗೆ ಕೀಲಿಮಣೆಯು ಹಾಗೆ. ಈ ಪತ್ರಿಕೆಗೆ ಬರುವ ಲೇಖನಗಳಲ್ಲಿ ಕೈಬರಹದವು ಎಷ್ಟು ಉಳಿದಿವೆಯೆಂಬುದನ್ನು ಸಂಪಾದಕರನ್ನೇ ಕೇಳಿ ತಿಳಿಯಬಹುದು.

ಟರ್ಮಿನಲ್ಲು ಎಂದರೇನೆಂಬುದನ್ನು ಮೊದಲು ಹೇಳಬೇಕು. ಗಣಕಯಂತ್ರವು ಮನೆಮನೆಗೆ ಬರುವುದಕ್ಕೆ ಮುಂಚೆ ಅದು ಎಲ್ಲಿಯೋ ಒಂದು ದೊಡ್ಡ ಕೋಣೆಯಲ್ಲಿ ಪ್ರತಿಷ್ಠಿತವಾಗಿರುತ್ತಿತ್ತು. ಗುಮಾಸ್ತರ ಮೇಜಿನ ಮೇಲೆ ಇರುತ್ತಿದ್ದುದು ಒಂದು ತೆರೆ ಮತ್ತು ಒಂದು ಕೀಲಿಮಣೆ. ಇವೆರಡೂ ಕೂಡಿ ಟರ್ಮಿನಲ್ಲು. ಅಮೆರಿಕೆಯ ಐಬಿಎಂ ಸಂಸ್ಥೆಯು ೧೯೭೧ರಲ್ಲಿ ಹೊರತಂದ ೩೨೭೦ ಎಂಬ ಟರ್ಮಿನಲ್ಲುಗಳ ವಂಶವು ಇವುಗಳಲ್ಲಿ ಬಹು ಪ್ರಸಿದ್ಧವಾದುದು. ಬ್ಯಾಂಕು, ವಿಮಾ ಕಂಪೆನಿ ಮುಂತಾದವುಗಳ ಲೆಕ್ಕಪತ್ರವು ದೊಡ್ಡ ಪ್ರಮಾಣದಲ್ಲಿ ಬಹುಕಾಲ ಇವುಗಳ ಮೂಲಕ ನಡೆಯಿತು. ೧೯೮೦ರ ದಶಕದಲ್ಲಿ ಈ ವಂಶಕ್ಕೆ ಬಂದು ಸೇರಿದ ಕೀಲಿಮಣೆಯಲ್ಲಿ ೧೨೨ ಕೀಲಿಗಳು: ನೆತ್ತಿಯ ಮೇಲೆ ಎರಡು ಸಾಲಾಗಿ ೨೪ ಕಾರ್ಯಕೀಲಿಗಳು, ಎಡಮಗ್ಗುಲಲ್ಲಿ ಇನ್ನೂ ಹತ್ತು. ತೂಕವೋ, ಇಂದಿನ ಮೂರು ನಾಲ್ಕು ಕೀಲಿಮಣೆಗಳನ್ನು ಒಂದರ ಮೇಲೊಂದು ಪೇರಿಸಿದಷ್ಟು.

ಅದರ ಗುಣವನ್ನು ವರ್ಣಿಸುವುದಕ್ಕೆ ಹೊರಟರೆ ಲೇಖನವು ಅಲ್ಲಿಯೇ ನಿಂತೀತು. ಆದರೂ ನಾಲ್ಕು ಮಾತು ಹೇಳದೆ ಗತ್ಯಂತರವಿಲ್ಲ. ಪ್ರತಿ ಕೀಲಿಯ ಕೆಳಗೂ ಒಂದು ಉಕ್ಕಿನ ಸ್ಪ್ರಿಂಗು ನಿಂತಿದೆ. ಬೆರಳು ಒತ್ತುತ್ತ ಹೋದಂತೆ ಅದು ಕುಗ್ಗುತ್ತ ಹೋಗಿ, ಒಂದು ಹಂತದಲ್ಲಿ ಇನ್ನು ಕುಗ್ಗಲಾರದೆ ಥಟ್ಟನೆ ಪಕ್ಕಕ್ಕೆ ಬಾಗುತ್ತದೆ. ಹಾಗೆ ಬಾಗಿದೊಡನೆ ತಳದಲ್ಲಿರುವ ಪುಟ್ಟ ಸುತ್ತಿಗೆಯೊಂದು ಮಗುಚಿಕೊಂಡು ಕೀಲಿ ಒತ್ತಿದ ಸುದ್ದಿಯನ್ನು ಮುಟ್ಟಿಸುತ್ತದೆ. ಕಿವಿಗೆ ಶಬ್ದ, ಬೆರಳಿಗೆ ಸ್ಪರ್ಶ, ಯಂತ್ರಕ್ಕೆ ಸಂಕೇತ, ಮೂರೂ ಒಂದೇ ಕ್ಷಣದಲ್ಲಿ. ಕೀಲಿಯನ್ನು ತಳ ಮುಟ್ಟುವವರೆಗೆ ಕುಟ್ಟಬೇಕಾಗಿಲ್ಲ, ಸಂದೇಹವೂ ಉಳಿಯುವುದಿಲ್ಲ. ಐಬಿಎಂನ ಎಂಜಿನಿಯರಾಗಿದ್ದ ರಿಚರ್ಡ್ ಹಂಟರ್ ಹ್ಯಾರಿಸ್ ಎಂಬಾತನ ಹೆಸರಿನಲ್ಲಿ ೧೯೭೮ರಲ್ಲಿ ಇದಕ್ಕೆ ಪೇಟೆಂಟು ದೊರೆಯಿತು. 'ಎಫ್' ಎಂಬ ಮಾದರಿಯಲ್ಲಿ ಆ ಸುತ್ತಿಗೆಯ ಚಲನದಿಂದ ವಿದ್ಯುತ್ತಿನ ಧಾರಕತೆಯು ಬದಲಾಗುತ್ತದೆ. ೧೯೮೫ರಲ್ಲಿ ಬಂದ 'ಎಂ' ಎಂಬ ಮಾದರಿಯಲ್ಲಿ ಅದು ಪ್ಲಾಸ್ಟಿಕ್ಕಿನ ತೆಳು ಹಾಳೆಗಳನ್ನು ಒತ್ತಿ ಒಂದಕ್ಕೊಂದು ತಾಗಿಸುತ್ತದೆ. ರಬ್ಬರಿನ ಗುಬುಟುಗಳ ಮೇಲೆ ನಿಂತ ಈಗಿನ ಅಗ್ಗದ ಮಣೆಗಳಲ್ಲಿ ಬೆರಳು ನೀರಲ್ಲಿ ನೆನೆದ ಅವಲಕ್ಕಿಯನ್ನು ಮುಟ್ಟಿದಂತಾಗುತ್ತದೆಂದು ನಾನು ಹೇಳಿದರೆ ಅದು ಮುದುಕನ ಹಳಹಳಿಕೆಯೆಂದು ಯಾರೂ ತಿಳಿಯಬಾರದು. ಎರಡನ್ನೂ ಒತ್ತಿ ನೋಡಿದವರು ತೀರ್ಪು ಹೇಳಲಿ.

ತೊಡಕು ಇರುವುದು ಪ್ಲಗ್ಗಿನಲ್ಲಿ, ಮತ್ತು ಭಾಷೆಯಲ್ಲಿ. ಈ ಮಣೆಗಳಲ್ಲಿ ಕೆಲವಕ್ಕೆ ಐದು ಕಡ್ಡಿಗಳ ದುಂಡು ಪ್ಲಗ್ಗು. ಅದು ೧೯೮೧ರ ಪಿಸಿಯ ಪ್ಲಗ್ಗಿನಂತೆಯೇ ಕಂಡರೂ, ಅದರ ಕಡ್ಡಿಗಳು ೧೮೦ ಡಿಗ್ರಿಯ ಬದಲು ೨೪೦ ಡಿಗ್ರಿಯ ಕಮಾನಿನಲ್ಲಿ ನಿಂತಿರುವುದರಿಂದ ಅದರ ಕಂಡಿಯಲ್ಲಿ ಕೂರುವುದಿಲ್ಲ. ಇನ್ನು ಕೆಲವಕ್ಕೆ ಟೆಲಿಫೋನಿನದನ್ನು ಹೋಲುವ ಚೌಕನೆಯ ಪ್ಲಗ್ಗು. ಇಂದಿನ ಗಣಕದಲ್ಲಿರುವುದು ಯುಎಸ್‌ಬಿ ಕಂಡಿ. ಪ್ಲಗ್ಗನ್ನು ಹೇಗಾದರೂ ಹೊಂದಿಸಿದರೂ ಒಬ್ಬರಾಡುವ ಮಾತು ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಹೀಗಿರಲು ಜೋಡಿಸುವವನ ಮುಂದೆ ಇರುವ ದಾರಿಗಳು ಎರಡು. ಒಂದು, ಮಣೆಯನ್ನು ಬಿಚ್ಚಿ, ಮೂಲದ ಕೇಬಲ್ಲನ್ನು ಕತ್ತರಿಸಿ, ಒಳಗಿನ ನಿಯಾಮಕ ಫಲಕವನ್ನು ಕಿತ್ತುಹಾಕಿ, ಯುಎಸ್‌ಬಿ ಮಾತನಾಡುವ ಹೊಸ ಫಲಕವನ್ನು ಕೂರಿಸುವುದು. ಇನ್ನೊಂದು, ಮಣೆಯನ್ನು ಇದ್ದಂತೆಯೇ ಬಿಟ್ಟು, ಅದಕ್ಕೂ ಗಣಕಕ್ಕೂ ನಡುವೆ ಒಬ್ಬ ದುಭಾಷಿಯನ್ನು ಕೂರಿಸುವುದು.

ಶಾಲೆಯಲ್ಲಿ ಸಂಧಿಪ್ರಕರಣವನ್ನು ಓದಿದವರಿಗೆಲ್ಲ ಈ ಭೇದವು ಪರಿಚಿತವಾದುದೇ. ಮಳೆ, ಕಾಲ ಎಂಬೆಡೆ ಕಕಾರವು ಹೊರಟುಹೋಗಿ ಅದರ ಸ್ಥಾನದಲ್ಲಿ ಗಕಾರವು ಬಂದು ಮಳೆಗಾಲವೆಂದಾಗುತ್ತದೆ; ಇದು ಆದೇಶ. ಮನೆ, ಅನ್ನು ಎಂಬೆಡೆ ಇದ್ದ ಅಕ್ಷರಗಳೆಲ್ಲ ಇದ್ದಲ್ಲಿಯೇ ಇದ್ದು, ನಡುವೆ ಯಕಾರವೊಂದು ಬಂದು ಸೇರಿ ಮನೆಯನ್ನು ಎಂದಾಗುತ್ತದೆ, ಇದು ಆಗಮ. ಪಾಠಶಾಲೆಯಲ್ಲಿ ನಮ್ಮ ಗುರುಗಳು ಇದನ್ನು ಬೆತ್ತ ಎತ್ತದೆಯೇ ಮನದಟ್ಟು ಮಾಡಿಸುತ್ತಿದ್ದರು. ಆದೇಶವೆಂಬುದು ಶತ್ರು, ಇದ್ದವನನ್ನು ಹೊರದೂಡಿ ಅವನ ಜಾಗದಲ್ಲಿ ಕೂರುತ್ತದೆ. ಆಗಮವೆಂಬುದು ಮಿತ್ರ, ಬಂದು ಪಕ್ಕದಲ್ಲಿ ಕೂರುತ್ತದೆ ಎನ್ನುತ್ತಿದ್ದರು. ಕೀಲಿಮಣೆಗೆ ಬೇಕಾದುದು ಮಿತ್ರ. ನಮ್ಮ ಉತ್ಸಾಹಿಗಳು ಕರೆತರುತ್ತಿರುವುದು ಶತ್ರುವನ್ನು. ನನ್ನ ವಾದವೆಲ್ಲ ಇಷ್ಟೇ.

ಈ ಮಿತ್ರನು ಮಾಡುವ ಕೆಲಸವು ಎಷ್ಟು ಸರಳವಾದುದೆಂಬುದನ್ನು ತಿಳಿದರೆ ಕತ್ತರಿ ಹಿಡಿದ ಕೈಯು ತಾನಾಗಿಯೇ ಹಿಂದಕ್ಕೆ ಸರಿದೀತು. ಮಣೆಯಿಂದ ಬರುವ ತಂತಿಗಳಲ್ಲಿ ಕೆಲಸಕ್ಕೆ ಬೇಕಾದುವು ನಾಲ್ಕೇ: ಐದು ವೋಲ್ಟಿನದೊಂದು, ಗ್ರೌಂಡೊಂದು, ತಾಳ ಹಾಕುವ ಕ್ಲಾಕು ಒಂದು, ಮಾತು ಹರಿಯುವ ಡೇಟಾ ಒಂದು. ಒಂದೊಂದು ಮಾತೂ ಹನ್ನೊಂದು ಬಿಟ್ಟುಗಳದು. ಆರಂಭವನ್ನು ಸೂಚಿಸಲು ಒಂದು, ಅರ್ಥವನ್ನು ಹೊತ್ತುವು ಎಂಟು, ತಪ್ಪನ್ನು ಹಿಡಿಯಲು ಪ್ಯಾರಿಟಿ ಎಂಬುದೊಂದು, ಮುಕ್ತಾಯಕ್ಕೆ ಒಂದು. ಎಂಟರಲ್ಲಿಯೂ ಪ್ಯಾರಿಟಿಯಲ್ಲಿಯೂ ಕೂಡಿ ಇರುವ ಒಂದುಗಳ ಸಂಖ್ಯೆಯು ಬೆಸವಾಗಿರಬೇಕು. ಇಲ್ಲವಾದರೆ ದಾರಿಯಲ್ಲಿ ಏನೋ ಕೆಟ್ಟಿತೆಂದು ಅರ್ಥ. ವೇದವನ್ನು ಪದ, ಕ್ರಮ, ಜಟೆಗಳಾಗಿ ತಿರುಗಿಸಿ ತಿರುಗಿಸಿ ಹೇಳಿ ಒಂದಕ್ಷರವೂ ಕೆಡದಂತೆ ಕಾಪಾಡಿದವರ ನಾಡಿನಲ್ಲಿ ಈ ಉಪಾಯವನ್ನು ವಿವರಿಸಬೇಕಾದುದಿಲ್ಲ.

ಇಂಗ್ಲಿಷಿನ 'ಎ' ಇರುವ ಕೀಲಿಯನ್ನು ಒತ್ತಿದರೆ ಮಣೆಯು ೧ಸಿ ಎಂಬ ಸಂಕೇತವನ್ನು ಕಳುಹಿಸುತ್ತದೆ. ಬಿಟ್ಟಾಗ ಎಫ್೦ ಎಂದು ಹೇಳಿ ಮತ್ತೆ ೧ಸಿ ಎನ್ನುತ್ತದೆ. ಟರ್ಮಿನಲ್ಲಿನ ಮಣೆಗಳಿಗೆ ಒಂದು ವಿಚಿತ್ರ ಸ್ವಭಾವವುಂಟು. ಪಿಸಿಯ ಮಣೆಗಳು ಸಾಮಾನ್ಯವಾಗಿ ಎರಡನೆಯ ಸಂಕೇತಮಾಲೆಯಲ್ಲಿ ಮಾತನಾಡಿದರೆ ಇವು ಮೂರನೆಯದರಲ್ಲಿ ಮಾತನಾಡುತ್ತವೆ; ಅಲ್ಲದೆ ಹೆಚ್ಚಿನ ಕೀಲಿಗಳನ್ನು ಒತ್ತಿದುದನ್ನು ಮಾತ್ರ ಹೇಳಿ, ಬಿಟ್ಟುದನ್ನು ಹೇಳದೆ ಸುಮ್ಮನಿರುತ್ತವೆ. ಆದುದರಿಂದ ದುಭಾಷಿಯು ಮೊದಲು ಎಫ್೨ ಎಂದು ಕಳುಹಿಸಿ 'ನೀನಾರು?' ಎಂದು ಕೇಳುತ್ತದೆ. ೧೨೨ ಕೀಲಿಗಳ ಮಣೆಯು ಬಿಎಫ್, ಬಿಎಫ್ ಎಂದು ತನ್ನ ಕುಲಗೋತ್ರವನ್ನು ಹೇಳಿಕೊಳ್ಳುತ್ತದೆ. ಆಮೇಲೆ ದುಭಾಷಿಯು ಎಫ್೮ ಎಂದು ಕಳುಹಿಸುತ್ತದೆ: ಒತ್ತಿದುದನ್ನೂ ಬಿಟ್ಟುದನ್ನೂ ಎಲ್ಲ ಕೀಲಿಗಳ ವಿಷಯದಲ್ಲಿಯೂ ಹೇಳು ಎಂದು. ಮಣೆಯು ಎಫ್‌ಎ, ಅಂದರೆ 'ಆಗಲಿ' ಎನ್ನುತ್ತದೆ. ಅಂದಿನಿಂದ ಇಂದಿಗೆ ಮೂವತ್ತು ನಲವತ್ತು ವರ್ಷ ಕಪಾಟಿನಲ್ಲಿಯೋ ಗುಜರಿಯಲ್ಲಿಯೋ ಬಿದ್ದಿದ್ದ ಯಂತ್ರವು ಕೇಳಿದೊಡನೆ ಇಷ್ಟು ಮರ್ಯಾದೆಯಿಂದ ಉತ್ತರ ಕೊಡುತ್ತದೆ. ನಾವು ಅದರ ನಾಲಗೆಯನ್ನು ಕತ್ತರಿಸಲು ಹೊರಟಿದ್ದೇವೆ! ಏಕೆಂದರೆ ಈ ಉತ್ತರಗಳೆಲ್ಲ ಹುಟ್ಟುವುದು ಕಿತ್ತೆಸೆಯುವ ಆ ಫಲಕದಲ್ಲಿಯೇ.

ದುಭಾಷಿಯೆಂದರೆ ಹೆಬ್ಬೆರಳಿನಷ್ಟಗಲದ ಒಂದು ಫಲಕ. ಅದರ ಮೇಲೆ ಎಟಿಮೆಗಾ೩೨ಯು೪ ಎಂಬ ಚಿಪ್ಪು. ಅದಕ್ಕೆ ಬೇಕಾದ ಟಿಎಂಕೆ, ಕ್ಯೂಎಂಕೆ ಎಂಬ ತಂತ್ರಾಂಶಗಳ ಮೂಲಪಾಠವು ಯಾರು ಬೇಕಾದರೂ ಓದಿ ತಿದ್ದಿಕೊಳ್ಳುವಂತೆ ಬಿಚ್ಚಿಟ್ಟಿದೆ. ಒಂದೆರಡು ಒಳ್ಳೆಯ ಪುಸ್ತಕಗಳ ಬೆಲೆಯಲ್ಲಿ ಎಲ್ಲವೂ ಮುಗಿಯುತ್ತದೆ. ಒಂದು ಎಚ್ಚರಿಕೆಯನ್ನು ಮಾತ್ರ ಹೇಳಬೇಕು: ಈಗ ಅಗ್ಗವಾಗಿ ಸಿಗುವ ಕೆಲವು ಹೊಸ ಚಿಪ್ಪುಗಳು ೩.೩ ವೋಲ್ಟಿನವು, ಹಳೆಯ ಮಣೆಯ ಐದು ವೋಲ್ಟನ್ನು ಅವಕ್ಕೆ ನೇರವಾಗಿ ಕೊಟ್ಟರೆ ಸುಟ್ಟುಹೋಗಬಹುದು. ನಡುವೆ ಮಟ್ಟವನ್ನು ಇಳಿಸುವ ಸಾಧನ ಬೇಕು. ಇಲ್ಲವೆ ಐದು ವೋಲ್ಟಿನ ಚಿಪ್ಪನ್ನೇ ಆರಿಸಬೇಕು.

ದುಭಾಷಿಯು ೧ಸಿ ಎಂಬುದನ್ನು ಕೇಳಿ ಯುಎಸ್‌ಬಿಯ ಭಾಷೆಯಲ್ಲಿ ೦೪ ಎಂದು ಹೇಳುತ್ತದೆ. ಆ ಭಾಷೆಯಲ್ಲಿ ಕಾರ್ಯಕೀಲಿಗಳಿಗೆ ಹನ್ನೆರಡರವರೆಗೆ ಮಾತ್ರವಲ್ಲ, ಇಪ್ಪತ್ತನಾಲ್ಕರವರೆಗೂ ಹೆಸರುಗಳಿವೆ. ಹಳೆಯ ಮಣೆಯ ನೆತ್ತಿಯ ಎರಡು ಸಾಲುಗಳಲ್ಲಿ ಒಂದು ಕೀಲಿಯೂ ವ್ಯರ್ಥವಾಗುವುದಿಲ್ಲ. ಎಡಮಗ್ಗುಲಿನ ಹತ್ತಕ್ಕೆ ಕತ್ತರಿಸು, ನಕಲಿಸು, ಅಂಟಿಸು ಮುಂತಾದ ಕೆಲಸಗಳನ್ನು ಒಪ್ಪಿಸಬಹುದು.

ಕನ್ನಡಿಗರು ಮುಖ್ಯವಾಗಿ ಗಮನಿಸಬೇಕಾದ ಸಂಗತಿಯೊಂದು ಇಲ್ಲಿದೆ. ೧ಸಿ ಎಂದಾಗಲಿ ೦೪ ಎಂದಾಗಲಿ ಹೇಳುವುದು ಅಕ್ಷರವನ್ನಲ್ಲ, ಸ್ಥಾನವನ್ನು. ಮಣೆಗೆ ಅಕ್ಷರವೇ ತಿಳಿಯದು. 'ಇಂಥ ಸಾಲಿನ ಇಂಥ ಕೀಲಿ' ಎಂದಷ್ಟೇ ಅದು ಹೇಳುತ್ತದೆ. ಆ ಸ್ಥಾನಕ್ಕೆ ಯಾವ ಅಕ್ಷರವೆಂಬುದನ್ನು ನಿಶ್ಚಯಿಸುವುದು ಗಣಕದೊಳಗಿನ ವ್ಯವಸ್ಥೆ. ಕನ್ನಡದ ಅಕ್ಷರಗಳಿಗೆ ಯೂನಿಕೋಡಿನಲ್ಲಿ ಸ್ಥಾನವು ದೊರೆತದ್ದು ೧೯೯೧ರಲ್ಲಿ. ಅದಕ್ಕೂ ಐದಾರು ವರ್ಷ ಮುಂಚೆ ಅಮೆರಿಕೆಯಲ್ಲಿ ತಯಾರಾದ, ಕನ್ನಡವೆಂಬ ಹೆಸರನ್ನೇ ಕೇಳದಿದ್ದ ಮಣೆಯೊಂದು ಇಂದು ಕ್ಷಕಾರವನ್ನೂ ಜ್ಞಕಾರವನ್ನೂ ತಡೆಯಿಲ್ಲದೆ ಮೂಡಿಸುತ್ತದೆ. ಅದರಲ್ಲಿ ಒಂದು ತಿರುಪನ್ನೂ ಬದಲಿಸಬೇಕಾದುದಿಲ್ಲ. ಲಿನಕ್ಸಿನಲ್ಲಿ ಸರಕಾರದ ಇನ್‌ಸ್ಕ್ರಿಪ್ಟ್ ವಿನ್ಯಾಸವೂ ಇದೆ, ಶ್ರೀ ಕೆ. ಪಿ. ರಾವ್ ಅವರ ವಿನ್ಯಾಸವನ್ನು ಅನುಸರಿಸಿದ 'ಕಗಪ'ವೂ ಇದೆ. ಈ ಲೇಖನವು ಕಗಪದಲ್ಲಿ ಅಂಥದೊಂದು ಮಣೆಯ ಮೇಲೆಯೇ ಸಿದ್ಧವಾದುದು.

ಅದು ನನ್ನ ಕೈಗೆ ಬಂದ ಬಗೆಯನ್ನು ಹೇಳುವುದರಿಂದ ವಾದಕ್ಕೆ ಪುಷ್ಟಿ ದೊರೆಯುತ್ತದೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬನು ಹಳೆಯ ಸಾಮಾನುಗಳ ರಾಶಿಯಲ್ಲಿ ಇಂಥ ಎರಡು ಮಣೆಗಳನ್ನು ಕಂಡು ಕೊಂಡುತಂದನು. ಒಂದನ್ನು ಯುಎಸ್‌ಬಿಗೆ ಹೊಂದಿಸಿಕೊಡುವೆನೆಂದ ಒಬ್ಬ ಕುಶಲಿಗೆ ಒಪ್ಪಿಸಿದನು. ಅದು ತಿರುಗಿ ಬಂದಾಗ ಹೊಳೆಯುತ್ತಿತ್ತು. ಆದರೆ ಮೂಲದ ಕೇಬಲ್ಲಿಲ್ಲ, ಫಲಕವಿಲ್ಲ, ಹಿಂಬದಿಯ ಕವಚದಲ್ಲಿ ಹೊಸ ಕಂಡಿಗಾಗಿ ಕೊರೆದ ಸೊಟ್ಟ ರಂಧ್ರ ಬೇರೆ. ಕಿತ್ತುದನ್ನು ಕೇಳಿದರೆ ಕಸಕ್ಕೆ ಹೋಯಿತೆಂದು ಉತ್ತರ. ಇನ್ನೊಂದನ್ನು ಶಿಷ್ಯನು ನನ್ನಲ್ಲಿಗೆ ತಂದು, "ಮೇಷ್ಟ್ರೇ, ಇದನ್ನಾದರೂ ನೀವೇ ಇಟ್ಟುಕೊಳ್ಳಿ, ನಡುವೆ ಹಾಕುವ ಡಬ್ಬಿಯನ್ನು ನಾನೇ ಮಾಡಿಕೊಡುತ್ತೇನೆ" ಎಂದನು. ಮಾಡಿಯೂ ಕೊಟ್ಟನು, ಒಂದು ಭಾನುವಾರದ ಮಧ್ಯಾಹ್ನವೇ ಸಾಕಾಯಿತು.

ಇನ್ನು ಪೂರ್ವಪಕ್ಷಗಳು. 'ಡಬ್ಬಿಯೊಂದು ನಡುವೆ ಜೋತುಬಿದ್ದಿರುವುದು ನೋಡಲು ಚೆನ್ನಲ್ಲ' ಎಂಬುದು ಮೊದಲನೆಯದು. ಮೇಜಿನ ಹಿಂದೆ ಇರುವ ಬೆಂಕಿಪೆಟ್ಟಿಗೆಯಷ್ಟು ವಸ್ತುವು ಯಾರ ಕಣ್ಣನ್ನು ಚುಚ್ಚೀತೋ ನಾನರಿಯೆ. 'ಹೊಸ ಫಲಕ ಹಾಕಿದರೆ ಒಟ್ಟಿಗೆ ಎಷ್ಟು ಕೀಲಿ ಒತ್ತಿದರೂ ತಪ್ಪದೆ ಹಿಡಿಯುತ್ತದೆ' ಎಂದು ಕೆಲವರು ಶಾಸ್ತ್ರ ಹೇಳುತ್ತಾರೆ. 'ಎಂ' ಮಾದರಿಯ ವಿಷಯದಲ್ಲಿ ಇದು ಶುದ್ಧ ತಪ್ಪು. ಹಲವು ಕೀಲಿಗಳನ್ನು ಒಮ್ಮೆಗೆ ಒತ್ತಿದಾಗ ಉಂಟಾಗುವ ಗೊಂದಲಕ್ಕೆ ಕಾರಣವು ಫಲಕವಲ್ಲ. ಪ್ಲಾಸ್ಟಿಕ್ ಹಾಳೆಗಳ ಮೇಲೆ ಅಡ್ಡಲಾಗಿಯೂ ಉದ್ದಕ್ಕೂ ಹೆಣೆದ ಗೆರೆಗಳಲ್ಲಿ, ವಿದ್ಯುತ್ತು ಹಿಂದಕ್ಕೆ ಹರಿಯದಂತೆ ತಡೆಯುವ ಡಯೋಡುಗಳಿಲ್ಲದಿರುವುದು. ಹಾಳೆ ಅದೇ ಇರುವಾಗ ಫಲಕವನ್ನು ಬದಲಿಸಿದರೆ ಆ ದೋಷ ಹೋಗುವುದು ಹೇಗೆ? 'ಎಫ್' ಮಾದರಿಗೋ ಆ ದೋಷವು ಮೊದಲಿಂದಲೂ ಇಲ್ಲ.

'ನನ್ನ ವಸ್ತು, ನನ್ನ ಕತ್ತರಿ' ಎಂಬುದು ಮೂರನೆಯ ಆಕ್ಷೇಪ, ಮತ್ತು ಇದೇ ನಿಜವಾದ ಆಕ್ಷೇಪ. ಕಾನೂನಿನಂತೆ ಇದಕ್ಕೆ ಎದುರು ಹೇಳಲಾಗದು. ಆದರೆ ಆ ಮಹಾಶಯರು ಬಯಸುತ್ತಿರುವುದು ಏನನ್ನು? ಸ್ಪ್ರಿಂಗಿನ ಸುಖವನ್ನು, ಹಳೆಯ ಕವಚದ ಗಾಂಭೀರ್ಯವನ್ನು. ಹಳೆಯ ಪ್ಲಗ್ಗು ಬೇಡ, ಹಳೆಯ ಮಾತು ಬೇಡ. ಮುದುಕಿಯ ದೇಹದಲ್ಲಿ ಅರ್ಧವನ್ನು ಮಾತ್ರ ಮುಪ್ಪಾಗಿಟ್ಟು ಉಳಿದರ್ಧವನ್ನು ತಾರುಣ್ಯವೆಂದು ಬಯಸುವ ಈ ಅಸಂಗತಿಯನ್ನೇ ಶಾಸ್ತ್ರಕಾರರು ಅರ್ಧಜರತೀಯ ನ್ಯಾಯವೆಂದು ಹಾಸ್ಯ ಮಾಡಿದರು. ಸ್ಪ್ರಿಂಗಿನ ಸುಖವೊಂದೇ ಬೇಕಾದವರಿಗೆ ಹೊಸ ಮಣೆಯೇ ಇದೆ. ಅಮೆರಿಕೆಯ ಕೆಂಟಕಿಯಲ್ಲಿ ೧೯೯೬ರಲ್ಲಿ ಹುಟ್ಟಿದ ಯೂನಿಕಾಂಪ್ ಎಂಬ ಸಂಸ್ಥೆಯು ಅದೇ ಬಾಗುವ ಸ್ಪ್ರಿಂಗಿನ ಮಣೆಗಳನ್ನು, ಯುಎಸ್‌ಬಿ ಪ್ಲಗ್ಗಿನೊಡನೆ, ಮಾಡಿ ಮಾರಿದೆ; ೧೨೨ ಕೀಲಿಗಳದನ್ನೂ ಮಾಡಿದೆ. ಹಣಕೊಟ್ಟು ಅದನ್ನು ಕೊಳ್ಳಲಿ. ಇನ್ನು ಹೊಸದಾಗಿ ಹುಟ್ಟಲಾರದ ವಸ್ತುವಿನ ಮೇಲೇಕೆ ಕತ್ತರಿಪ್ರಯೋಗ?

ದುರಸ್ತಿಯನ್ನು ನಾನು ವಿರೋಧಿಸುತ್ತಿಲ್ಲವೆಂಬುದನ್ನು ಸ್ಪಷ್ಟಪಡಿಸಬೇಕು. 'ಎಂ' ಮಾದರಿಯಲ್ಲಿ ಒಳಗಿನ ತಟ್ಟೆಗಳನ್ನು ಹಿಡಿದಿರುವ ಪ್ಲಾಸ್ಟಿಕ್ ರಿವೆಟ್ಟುಗಳು ವಯಸ್ಸಾದಂತೆ ಮುರಿಯುತ್ತವೆ. ಅಲ್ಲಿ ಸಣ್ಣ ಬೋಲ್ಟುಗಳನ್ನು ಹಾಕುವುದು ಯುಕ್ತವೇ. 'ಎಫ್' ಮಾದರಿಯಲ್ಲಿ ತಟ್ಟೆಗಳ ನಡುವಣ ಸ್ಪಂಜು ಪುಡಿಯಾಗಿ ಉದುರುತ್ತದೆ, ಹೊಸದನ್ನು ಹಾಸಬೇಕು. ಜೀರ್ಣೋದ್ಧಾರವೆಂದರೆ ಇದು. ಕುಸಿದ ಕಂಬಕ್ಕೆ ಊರೆ ಕೊಡುವುದು ಬೇರೆ, ಗರ್ಭಗುಡಿಯನ್ನು ಖಾಲಿಮಾಡಿ ಸಾಮಾನಿನ ಕೋಣೆ ಮಾಡುವುದು ಬೇರೆ.

ಕೀಲಿಗಳ ಮೇಲಿನ ಬರಹವೂ ಒಂದು ಶಾಸನವೆಂಬುದನ್ನು ನಮ್ಮವರು ಮರೆಯುತ್ತಾರೆ. ೧೯೭೦ರ ದಶಕದಲ್ಲಿ ಬಂದ ಎಡಿಎಂ-೩ಎ ಎಂಬ ಟರ್ಮಿನಲ್ಲಿನಲ್ಲಿ ಬಾಣದ ಗುರುತುಗಳು ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೆ ಇದ್ದುವು. ಅಮೆರಿಕೆಯ ಬರ್ಕ್ಲಿಯಲ್ಲಿ ಬಿಲ್ ಜಾಯ್ ಎಂಬಾತನು ೧೯೭೬ರ ಸುಮಾರಿಗೆ 'ವಿಐ' ಎಂಬ ಬರಹದ ತಂತ್ರಾಂಶವನ್ನು ಬರೆದುದು ಅದರ ಮೇಲೆ. ಆದುದರಿಂದಲೇ ಇಂದಿಗೂ ಆ ತಂತ್ರಾಂಶವನ್ನು ಬಳಸುವವರು ತೆರೆಯಲ್ಲಿ ಅತ್ತಿತ್ತ ಚಲಿಸಲು ಆ ನಾಲ್ಕು ಅಕ್ಷರಗಳನ್ನೇ ಒತ್ತುತ್ತಾರೆ. 'ಹೋಂ' ಎಂಬ ಪದವು ಅಲೆಗೆರೆಯ ಚಿಹ್ನೆಯೊಡನೆ ಒಂದೇ ಕೀಲಿಯ ಮೇಲೆ ಇದ್ದುದರಿಂದ ಯೂನಿಕ್ಸಿನಲ್ಲಿ ಅಲೆಗೆರೆಗೆ ಇಂದಿಗೂ 'ಸ್ವಗೃಹ' ಎಂದು ಅರ್ಥ. ನಮ್ಮ ಮನೆಯ ಸಾಮಾನ್ಯ ಕೀಲಿಮಣೆಯ ಮೂಲೆಯಲ್ಲಿ 'ಸಿಸ್‌ರಿಕ್ಯು' ಎಂಬ ಅರ್ಥವಾಗದ ಬರಹವೊಂದನ್ನು ಕೆಲವರು ಕಂಡಿರಬಹುದು. ಅದು ಇದೇ ೩೨೭೦ರ ವಂಶದಿಂದ ಬಂದ ಪಳೆಯುಳಿಕೆ. ಹೀಗಿರುವಾಗ ಹಳೆಯ ಕೀಲಿಗಳ ಮುಚ್ಚಳಗಳನ್ನು ಬಿಡಿಸಿ, ಚೂರುಚೂರಾಗಿ ಮಾರಿ, ಮೂಲಸ್ಥಾನಗಳನ್ನು ಕಲಸಿಬಿಡುವವರಿಗೂ ತಾಡವೋಲೆಯ ಕಟ್ಟನ್ನು ಬಿಚ್ಚಿ ಚೆನ್ನಾದ ಗರಿಗಳನ್ನು ಆರಿಸಿ ಗೋಡೆಗೆ ಅಂಟಿಸುವವರಿಗೂ ಏನು ವ್ಯತ್ಯಾಸ?

ಎಲ್ಲಕ್ಕಿಂತ ದೊಡ್ಡ ಅನ್ಯಾಯವೊಂದು ಉಂಟು. ಕೀಲಿಮಣೆಗೆ ಬೇಡಿಕೆ ಹೆಚ್ಚಿದಂತೆ ಟರ್ಮಿನಲ್ಲಿನಿಂದ ಅದನ್ನು ಬೇರ್ಪಡಿಸಿ ಮಾರುತ್ತಾರೆ. ತೆರೆಯ ಪೆಟ್ಟಿಗೆಯು ಗುಜರಿಗೆ ಹೋಗುತ್ತದೆ, ಅಥವಾ ಯಾವನೋ ಸಂಗ್ರಾಹಕನ ಕೊಟ್ಟಿಗೆಯಲ್ಲಿ ಉಳಿಯುತ್ತದೆ. ಸ್ವಂತ ಬುದ್ಧಿಯಿಲ್ಲದ ಆ ಪೆಟ್ಟಿಗೆಗೆ ಬೇರೆ ಯಾವ ಮಣೆಯ ಮಾತೂ ತಿಳಿಯದು. ಮಣೆಯ ಒಳಗಿನ ಮೂಲ ಫಲಕವು ಉಳಿದಿದ್ದರೆ, ನಾಳೆ ಯಾರಾದರೂ ಅಂಥ ಪೆಟ್ಟಿಗೆಯೊಂದನ್ನು ಎಚ್ಚರಗೊಳಿಸಲು ಹೊರಟಾಗ, ಡಬ್ಬಿಯನ್ನು ಕಳಚಿ ಹಳೆಯ ಪ್ಲಗ್ಗನ್ನು ಹಳೆಯ ಕಂಡಿಗೆ ಸಿಕ್ಕಿಸಬಹುದು. ಆಗಮವನ್ನು ತೆಗೆದರೆ ಮೂಲರೂಪವು ಮತ್ತೆ ದೊರೆಯುತ್ತದೆ. ಆದೇಶವಾದ ಮೇಲೆ ಸ್ಥಾನಿಯನ್ನು ಎಲ್ಲಿಂದ ತರುವುದು?

ಫಲಕವು ನಿಜವಾಗಿಯೂ ಸತ್ತಿದ್ದರೆ? ಆಗ ಆದೇಶಕ್ಕೆ ನನ್ನ ಒಪ್ಪಿಗೆಯಿದೆ. ಗತಿಯಿಲ್ಲದೆಡೆ ವೈಯಾಕರಣರೂ ಆದೇಶವನ್ನೇ ವಿಧಿಸಿದರು. ಆದರೆ ಸತ್ತುದೆಂದು ನಿರ್ಣಯಿಸುವ ಮುಂಚೆ ತಂತಿಗಳನ್ನು ಪರೀಕ್ಷಿಸಿರಬೇಕು, ಏಕೆಂದರೆ ಕೆಟ್ಟಿರುವುದು ಕೇವಲ ಕೇಬಲ್ಲಾಗಿರಬಹುದು. ಹೊಸ ಫಲಕವನ್ನು ಹಳೆಯ ತಿರುಪುಗಳ ಜಾಗದಲ್ಲಿಯೇ, ಕವಚವನ್ನು ಕೊರೆಯದೆ ಕೂರಿಸಬೇಕು. ತೆಗೆದ ಫಲಕವನ್ನೂ ಕೇಬಲ್ಲನ್ನೂ ಒಂದು ಲಕೋಟೆಯಲ್ಲಿಟ್ಟು, ಯಾವ ಬಣ್ಣದ ತಂತಿಯು ಎಲ್ಲಿಗೆ ಸೇರಿತ್ತೆಂಬುದನ್ನು ಕಾಗದದಲ್ಲಿ ಬರೆದು, ಯಾವ ಲೋಹಕ್ಕೂ ತಾಗದಂತೆ ಆ ಮಣೆಯ ಹೊಟ್ಟೆಯೊಳಗೇ ಇರಿಸಬೇಕು. ೧೨೨ 'ಎಫ್' ಕೀಲಿಗಳ ಕವಚದೊಳಗೆ ಅಷ್ಟಕ್ಕೆ ಜಾಗ ಧಾರಾಳವಾಗಿದೆ.